ಕಾರಾಪುರದ ಮಾವುತನ ಮಗ, ಯೋಧ ಸಾಬು

ದ್ರೋಣ, ಬಲರಾಮ, ಅರ್ಜುನ ಎಂದರೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಕಡೆ ಯಾರಿಗೂ ಪರಿಚಯ ಹೇಳಬೇಕಾಗಿಲ್ಲ. ಮೂರೂ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಆನೆಗಳು. 2023ರ ಮೇ ತಿಂಗಳಲ್ಲಿ ಬಲರಾಮ ತೀರಿಕೊಂಡ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬಳ್ಳೆ ಕ್ಯಾಂಪಿನ ಅರ್ಜುನ ಸಕಲೇಶಪುರದ ಕಡೆ ಕಾಡಾನೆ ಹಿಡಿಯಲು ಹೋಗಿ ಪ್ರಾಣ ಬಿಟ್ಟ. ಆ ಸುದ್ದಿ ಬಂದ ದಿನ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ದುಬೈಯಲ್ಲಿರುವವರೂ ಅತ್ತರು, ಊರಿನಲ್ಲಿ ಹೊಗೆಸೊಪ್ಪು ಬೆಳೆಯುವವರೂ ಅತ್ತರು.

ಆದರೆ ಈ ಆನೆಗಳ ಕುತ್ತಿಗೆಯ ಮೇಲೆ ಕುಳಿತು ಹಗಲೂ ರಾತ್ರಿ ಅವುಗಳನ್ನು ನೋಡಿಕೊಂಡ ಮಾವುತರ, ಕಾವಾಡಿಗಳ ಹೆಸರು ಹೇಳಿ ಎಂದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದಿಂದ ಏನಾದರೂ ಬರೆದು ಕಳಿಸಪ್ಪ ಎಂದು ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ಹೊಳೆದದ್ದು ಈ ಪ್ರಶ್ನೆ. ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೂ ನಮ್ಮ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ ಒಬ್ಬ ಮಾವುತನ ಮಗನ ಕತೆ ಈ ಸಂಚಿಕೆಯಲ್ಲಿ ಇರಲೇಬೇಕು ಎನ್ನಿಸಿತು. ಅವನ ಹೆಸರು ಸಾಬು. ಜಗತ್ತು ಅವನನ್ನು ಸಿನಿಮಾ ನಟನೆಂದು ಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಹಾರಿ, ಶೌರ್ಯಕ್ಕೆ ಪದಕ ಪಡೆದ ಯೋಧ ಎಂಬುದನ್ನು ನೆನೆಯುವವರು ಕಡಿಮೆ. ನಾನು ಮುಖ್ಯವಾಗಿ ಹೇಳಹೊರಟಿರುವುದು ಆ ಯೋಧನ ಬಗ್ಗೆಯೇ.

ಕಾಕನಕೋಟೆಯ ಕಾಡು

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ಆಗಿನ ಕಾರಾಪುರವನ್ನು ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ಅಂದು ಅಣೆಕಟ್ಟೆ ಇರಲಿಲ್ಲ, ಹಿನ್ನೀರೂ ಇರಲಿಲ್ಲ. ಕಪಿಲೆ ತನ್ನ ಪಾಡಿಗೆ ಕಾಡಿನ ನಡುವೆ ಹರಿಯುತ್ತಿದ್ದಳು. ದಡದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆ, ಸುತ್ತ ಕಾಕನಕೋಟೆಯ ಅರಣ್ಯ. ಮಾಸ್ತಿಯವರು ನಾಟಕಕ್ಕೆ ಹೆಸರಾಗಿಸಿದ, ಮುಂದೆ ಸಿನಿಮಾ ಕೂಡ ಆದ ಕಾಕನಕೋಟೆ ಇದೇ.

ಈ ಕಾಡು ಹೊರಗಿನವರಿಗೆ ಗೊತ್ತಾಗಿದ್ದು ಖೆಡ್ಡಾದಿಂದ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗಿನಿಂದ ಬೆದರಿಸಿ, ಪಳಗಿದ ಆನೆಗಳ ಸಹಾಯದಿಂದ ಹೊಳೆ ದಾಟಿಸಿ, ಮರದ ದಿಮ್ಮಿಗಳ ಭದ್ರವಾದ ಆವರಣಕ್ಕೆ ನುಗ್ಗಿಸುವುದು ಅದರ ಕ್ರಮ. ಆಮೇಲೆ ಒಂದೊಂದನ್ನೇ ಹಗ್ಗ ಹಾಕಿ ಕಟ್ಟಬೇಕು, ತಿಂಗಳುಗಟ್ಟಲೆ ಪಳಗಿಸಬೇಕು. ಅರಮನೆಯ ಅತಿಥಿಗಳಾಗಿ ಬಂದ ವೈಸರಾಯ್‌ಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಕೆಳಗೆ ನೀರಿನಲ್ಲಿ, ಕಾಡಾನೆಗಳ ಮಧ್ಯೆ, ಪಳಗಿದ ಆನೆಯ ಮೇಲೆ ಇರುತ್ತಿದ್ದವರು ನಮ್ಮ ಮಾವುತರು. ಹಿಂಡನ್ನು ಸುತ್ತುವರಿಯುತ್ತಿದ್ದವರು ನಮ್ಮ ಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ನಮ್ಮ ತಾತ ಅದನ್ನು ನೋಡಿ ಬಂದಿದ್ದರು. ಆನೆಗಳಿಗಿಂತ ಅಂದು ಸೇರಿದ್ದ ಜನಜಾತ್ರೆಯನ್ನೇ ಅವರು ಹೆಚ್ಚು ವರ್ಣಿಸುತ್ತಿದ್ದರು.

ಸಾಬುವಿನ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಾಯಿ ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತೀರಿಕೊಂಡರು. ತಂದೆ ತನ್ನ ಆನೆಗೆ ಮಗುವಿನ ತೊಟ್ಟಿಲು ತೂಗುವುದನ್ನು ಕಲಿಸಿದ್ದ ಎಂಬ ಕತೆ ಮುಂದೆ ಎಲ್ಲ ಪತ್ರಿಕೆಗಳಲ್ಲೂ ಬಂತು. ಸಿನಿಮಾದವರು ಕಟ್ಟಿದ್ದೋ, ನಿಜವೋ, ಕೇಳಲು ಚೆನ್ನಾಗಿದೆ. ತಂದೆಯೂ ಬೇಗ ಹೋದರು. ಉಳಿದದ್ದು ಅಣ್ಣ ಶೇಖ್ ದಸ್ತಗೀರ್ ಮಾತ್ರ. ಹುಡುಗ ಮೈಸೂರಿನ ಅರಮನೆಯ ಆನೆಲಾಯ ಸೇರಿದ. ಅಲ್ಲಿ ಮೈ ತೊಳೆಯುವುದು, ಮೇವು ಹಾಕುವುದು, ಲದ್ದಿ ಎತ್ತುವುದು ಇಂಥ ಕೆಲಸ. ಓದು ಬರಹ ಇಲ್ಲ. ಅವನ ಮುಂದಿನ ಐವತ್ತು ವರ್ಷ ಹೇಗಿರುತ್ತದೆ ಎಂದು ಅಂದು ಯಾರು ಬೇಕಾದರೂ ಹೇಳಬಹುದಿತ್ತು. ಒಳ್ಳೆಯ ಮಾವುತನಾಗುತ್ತಿದ್ದ, ಅಷ್ಟೇ.

ಆನೆಲಾಯಕ್ಕೆ ಬಂದ ಕ್ಯಾಮೆರಾ

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದರು. ಧ್ರುವಪ್ರದೇಶದ ಎಸ್ಕಿಮೋಗಳ ಬಗ್ಗೆ 1922ರಲ್ಲಿ 'ನಾನೂಕ್ ಆಫ್ ದ ನಾರ್ತ್' ತೆಗೆದು ಹೆಸರಾಗಿದ್ದವರು ಅವರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರಿಗಾಗಿ ರಡ್ಯಾರ್ಡ್ ಕಿಪ್ಲಿಂಗ್‌ರ ಕತೆಯೊಂದನ್ನು ಸಿನಿಮಾ ಮಾಡಬೇಕಿತ್ತು. ಮಾವುತರ ಮನೆತನದ ಹುಡುಗನೊಬ್ಬ ಕಾಡಾನೆಗಳ ಕುಣಿತ ನೋಡುವ ಕತೆ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಆನೆ, ಆಳು, ಕಾಡು ಎಲ್ಲವನ್ನೂ ಒದಗಿಸಿಕೊಟ್ಟರು. ಕನ್ನಡದಲ್ಲಿ ಮಾತಿನ ಸಿನಿಮಾ ಶುರುವಾಗಿ ಆಗ ಒಂದೇ ವರ್ಷ ಕಳೆದಿತ್ತು ಎಂಬುದನ್ನು ನೆನೆದರೆ, ಹಳ್ಳಿಯ ಜನಕ್ಕೆ ಇದೆಲ್ಲ ಎಷ್ಟು ವಿಚಿತ್ರವಾಗಿ ಕಂಡಿರಬೇಕು ಎಂದು ಊಹಿಸಬಹುದು.

ಕತೆಗೆ ಒಬ್ಬ ಹುಡುಗ ಬೇಕಿತ್ತು. ಛಾಯಾಗ್ರಾಹಕ ಓಸ್ಮಂಡ್ ಬೊರಡೈಲ್ ಕಣ್ಣಿಗೆ ಆನೆಲಾಯದಲ್ಲಿ ಸಾಬು ಬಿದ್ದ. ಇಂಗ್ಲಿಷ್ ಬಾರದು, ಕ್ಯಾಮೆರಾ ಎಂದರೇನೆಂದು ತಿಳಿಯದು. ಆದರೆ ಆನೆಯ ಎದುರು ನಿಂತರೆ ಅಂಜಿಕೆಯೇ ಇಲ್ಲ. ಸೊಂಡಿಲು ಹಿಡಿದು ಸರಸರನೆ ಮೇಲೇರುವ ಆ ಲೀಲೆ ಯಾವ ನಟನಿಗೂ ಕಲಿಸಿದರೆ ಬರುವಂಥದ್ದಲ್ಲ. ಚಿತ್ರದಲ್ಲಿ ಅವನ ಜೊತೆಗಾರನಾದ 'ಕಾಲಾನಾಗ' ಎಂಬ ಆನೆಯ ಪಾತ್ರ ಮಾಡಿದ್ದು ಅರಮನೆಯ ಐರಾವತ. ಹೀಗೆ 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೊಲ್ತಾನ್ ಕೋರ್ಡಾ ಅವರಿಗೆ ನಿರ್ದೇಶನದ ಪ್ರಶಸ್ತಿ ಸಿಕ್ಕಿತು. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಆ ಹುಡುಗನ ನಗು.

ಚಿತ್ರದ ಉಳಿದ ಭಾಗವನ್ನು ಮುಗಿಸಲು ಸಾಬುವನ್ನೂ ಅಣ್ಣ ದಸ್ತಗೀರ್‌ನನ್ನೂ ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಅಲ್ಲಿ ಮೊದಲ ಬಾರಿಗೆ ಹುಡುಗ ಶಾಲೆಯ ಮೆಟ್ಟಿಲು ಹತ್ತಿದ, ಇಂಗ್ಲಿಷ್ ಕಲಿತ. ಕಾಗದಪತ್ರಗಳಲ್ಲಿ ಅಣ್ಣನ ಹೆಸರಾದ ದಸ್ತಗೀರ್ ತಮ್ಮನಿಗೂ ಅಂಟಿಕೊಂಡು, ಲೋಕದ ಪುಸ್ತಕಗಳಲ್ಲೆಲ್ಲ ಸಾಬು ದಸ್ತಗೀರ್ ಎಂದೇ ಆಯಿತು. ಹಾಜರಿ ಪುಸ್ತಕದಲ್ಲಿ ಹೆಸರು ತಪ್ಪಿ, ಅದೇ ಮಾರ್ಕ್ಸ್ ಕಾರ್ಡಿಗೂ ಹೋಗಿ, ಕೊನೆಗೆ ಪಾಸ್‌ಪೋರ್ಟಿಗೂ ಹತ್ತಿದ ನಮ್ಮ ಎಷ್ಟೋ ಸಹಪಾಠಿಗಳಿಗೆ ಈ ಸಂಗತಿ ಚೆನ್ನಾಗಿ ಅರ್ಥವಾದೀತು.

ಹಾರುವ ಚಾಪೆ

1938ರಲ್ಲಿ 'ದ ಡ್ರಮ್' ಬಂತು. ಬ್ರಿಟಿಷರ ಆಳ್ವಿಕೆಯನ್ನು ಹೊಗಳುವ ಚಿತ್ರ ಎಂದು ಬೊಂಬಾಯಿಯಲ್ಲಿ ಪ್ರತಿಭಟನೆಗಳಾದವು. ಅದು ನ್ಯಾಯವಾದ ಸಿಟ್ಟೇ. ಆದರೆ ಹದಿನಾಲ್ಕು ವರ್ಷದ ಅನಾಥ ಹುಡುಗನಿಗೆ ಕತೆ ಆರಿಸಿಕೊಳ್ಳುವ ಅಧಿಕಾರ ಎಲ್ಲಿಯದು?

1940ರಲ್ಲಿ ಬಂದ 'ದ ಥೀಫ್ ಆಫ್ ಬಾಗ್ದಾದ್' ಅವನನ್ನು ದೊಡ್ಡ ತಾರೆ ಮಾಡಿತು. ಯುದ್ಧ ಶುರುವಾದ್ದರಿಂದ ಚಿತ್ರೀಕರಣ ಲಂಡನ್ನಿನಿಂದ ಅಮೆರಿಕಕ್ಕೆ ಹೋಯಿತು, ಸಾಬುವೂ ಹೋದ. ಆ ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಅದರಲ್ಲಿ ಅವನದು ಅಬು ಎಂಬ ಚಿಕ್ಕ ಕಳ್ಳನ ಪಾತ್ರ. ಈ ಚಿತ್ರದ ಕೊನೆಯನ್ನು ನಮ್ಮ ಗುರುಗಳಿಗೆ ಹೇಳಲೇಬೇಕು. ಅಬುವಿನಿಂದ ರಾಜ್ಯ ಮರಳಿ ಪಡೆದ ಅರಸ ತುಂಬಿದ ಸಭೆಯಲ್ಲಿ, ಇವನನ್ನು ಶಾಲೆಗೆ ಕಳಿಸಿ ಓದಿಸಿ ಮುಂದೆ ಮಂತ್ರಿ ಮಾಡುತ್ತೇನೆ ಎಂದು ಘೋಷಿಸುತ್ತಾನೆ. ಶಾಲೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅಬು ಹಾರುವ ಚಾಪೆ ಹತ್ತಿ ಪರಾರಿ! ಎಂಟನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ನಮ್ಮ ಗೆಳೆಯರು ಕಾಂಪೌಂಡ್ ಹಾರುತ್ತಿದ್ದುದು ನೆನಪಾಗುತ್ತದೆ. ಯಾರ ಕೈಗೂ ಸಿಗದ, ಕೊಟ್ಟ ಪದವಿಯನ್ನೂ ಬೇಡವೆನ್ನುವ ಆ ಸ್ವಚ್ಛಂದ ಹುಡುಗನೇ ಸಾಬು ಎಂದು ಜನ ನಂಬಿದರು.

1942ರಲ್ಲಿ 'ಜಂಗಲ್ ಬುಕ್' ಬಂತು. ಅದರಲ್ಲಿ ಮೋಗ್ಲಿ ಅವನೇ. ಮುಂದೆ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಎಂಬ ಬಣ್ಣದ ಚಿತ್ರಗಳು. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ವೇಷ. ತಲೆಗೊಂದು ಪೇಟ ಅಥವಾ ಸೊಂಟಕ್ಕೊಂದು ತುಂಡು ಬಟ್ಟೆ. ವಯಸ್ಸು ಇಪ್ಪತ್ತಾದರೂ ಹಾಲಿವುಡ್ಡಿಗೆ ಅವನು ಆನೆಯ ಹುಡುಗನೇ.

ವಿಮಾನದ ಬಾಲದಲ್ಲಿ

ಇಷ್ಟು ಹೊತ್ತು ಸಾಬುವನ್ನು ಏಕವಚನದಲ್ಲಿ ಕರೆದೆ, ಏಕೆಂದರೆ ಹುಡುಗನಾಗಿದ್ದ. ಇನ್ನು ಮುಂದೆ ಬಹುವಚನವೇ ಸರಿ.

ಅಮೆರಿಕದಲ್ಲಿ ಆಗ ಭಾರತೀಯರಿಗೆ ಪೌರತ್ವದ ಬಾಗಿಲು ಮುಚ್ಚಿತ್ತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು, ಪೌರತ್ವ ಕೇಳಿದಾಗ ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆ ಕಾನೂನು ಬದಲಾಗಿದ್ದು 1946ರಲ್ಲಿ. ಗ್ರೀನ್ ಕಾರ್ಡಿಗಾಗಿ ಹತ್ತು ಹದಿನೈದು ವರ್ಷ ಕಾಯುತ್ತಿರುವ ನನ್ನ ಸಹೋದ್ಯೋಗಿಗಳಿಗೆ ಈ ಇತಿಹಾಸ ಹೇಳಿದರೆ ಅವರಿಗೇ ಆಶ್ಚರ್ಯವಾಗುತ್ತದೆ. ಯುದ್ಧಕಾಲದ ಒಂದು ಕಾನೂನು ಮಾತ್ರ ಸೈನ್ಯ ಸೇರಿದ ಹೊರದೇಶದವರಿಗೆ ಆ ಬಾಗಿಲನ್ನು ಸ್ವಲ್ಪ ತೆರೆದಿತ್ತು. 1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದರು. ಆ ದೇಶದ ಸೇನಾ ವಾಯುಪಡೆಯಲ್ಲಿ ಪೆಸಿಫಿಕ್ ಸಾಗರದ ಯುದ್ಧಕ್ಕೆ ಹೋದರು.

ಹೆಸರಾಂತ ನಟರಿಗೆ ಯುದ್ಧಕಾಲದಲ್ಲಿ ಬೇರೆ ದಾರಿಗಳಿದ್ದವು. ಸೈನಿಕರ ಮನರಂಜನೆಗೆ ಹಾಡಿ ಕುಣಿಯಬಹುದು, ಪ್ರಚಾರದ ಚಿತ್ರದಲ್ಲಿ ನಟಿಸಬಹುದು, ಊರೂರು ಸುತ್ತಿ ಭಾಷಣ ಮಾಡಬಹುದು. ಯಾರೂ ಹೇಡಿ ಎನ್ನುತ್ತಿರಲಿಲ್ಲ. ಸಾಬು ಹೋಗಿ ಕುಳಿತದ್ದು ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ.

ಆ ಜಾಗ ಎಂಥದ್ದು ಎಂದು ತಿಳಿದರೆ ಅವರ ಧೈರ್ಯ ತಿಳಿಯುತ್ತದೆ. ಬಿ-24 ನಾಲ್ಕು ಎಂಜಿನ್ನಿನ ವಿಮಾನ, ಒಳಗೆ ಸುಮಾರು ಹತ್ತು ಮಂದಿ. ಬಾಲದ ತುದಿಯಲ್ಲಿ ಗಾಜಿನ ಗೂಡು, ಅದರಲ್ಲಿ ಎರಡು ಮಷಿನ್‌ಗನ್. ಗನ್ನರ್ ಒಬ್ಬನೇ ಅಲ್ಲಿ ಹಿಂದಕ್ಕೆ ಮುಖ ಮಾಡಿ ಗಂಟೆಗಟ್ಟಲೆ ಕೂರಬೇಕು. ಉಳಿದವರಿಗೆ ಹೋಗುವ ದಾರಿ ಕಂಡರೆ ಅವನಿಗೆ ಬಿಟ್ಟು ಬಂದ ಆಕಾಶ ಮಾತ್ರ ಕಾಣುತ್ತದೆ. ಇಂದಿನ ವಿಮಾನಗಳಂತೆ ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಎತ್ತರಕ್ಕೆ ಏರಿದರೆ ಆಮ್ಲಜನಕದ ಮುಖವಾಡ ಹಾಕಿಕೊಳ್ಳಬೇಕು, ಚಳಿ ಕೊರೆಯುತ್ತದೆ. ಶತ್ರುವಿನ ವಿಮಾನ ಹಿಂದಿನಿಂದ ಬಂದರೆ ಮೊದಲ ಗುಂಡು ಅವನ ಕಡೆಗೇ. ವಿಮಾನಕ್ಕೆ ಬೆಂಕಿ ಬಿದ್ದರೆ ಆ ಗೂಡಿನಿಂದ ಹೊರಬರುವುದೂ ಸುಲಭವಲ್ಲ. ಕೆಳಗೆ ಸಾವಿರಾರು ಮೈಲಿ ಬರಿಯ ಸಮುದ್ರ.

ಅವರಿದ್ದದ್ದು 307ನೇ ಬಾಂಬರ್ ದಳದ 370ನೇ ಸ್ಕ್ವಾಡ್ರನ್‌ನಲ್ಲಿ. ದೂರದ ಗುರಿಗಳಿಗೆ ಹಾರುವುದರಲ್ಲಿ ಈ ದಳ ಹೆಸರುವಾಸಿ. 1944ರಲ್ಲಿ ಬೋರ್ನಿಯೋ ದ್ವೀಪದ ಬಾಲಿಕ್‌ಪಾಪನ್ ಎಂಬಲ್ಲಿ ಜಪಾನೀಯರ ವಶದಲ್ಲಿದ್ದ ತೈಲ ಶುದ್ಧೀಕರಣ ಘಟಕಗಳ ಮೇಲೆ, ಹೋಗಿ ಬರಲು ಸುಮಾರು 2,500 ಮೈಲಿಯ ದಾಳಿಗಳನ್ನು ನಡೆಸಿದ ದಳಗಳಲ್ಲಿ ಇದೂ ಒಂದು. ಇದು ಸೇರಿದ್ದ ಹದಿಮೂರನೇ ವಾಯುಪಡೆಗೆ 'ಜಂಗಲ್ ಏರ್ ಫೋರ್ಸ್' ಎಂಬ ಅಡ್ಡಹೆಸರಿತ್ತು. ದ್ವೀಪದಿಂದ ದ್ವೀಪಕ್ಕೆ, ಕಾಡು ಕಡಿದು ಮಾಡಿದ ರನ್‌ವೇಗಳಲ್ಲಿ ಅದರ ಬೀಡು ಇರುತ್ತಿದ್ದುದರಿಂದ ಆ ಹೆಸರು. ಕಾಕನಕೋಟೆಯ ಹುಡುಗ ಕಾಡಿನಿಂದ ಹೊರಟು ಮತ್ತೆ ಕಾಡಿಗೇ ಬಂದಂತಾಯಿತು.

ಸಾಬು ಹತ್ತಾರು ದಾಳಿಗಳಲ್ಲಿ ಹಾರಿದರು. ಅವರ ಶೌರ್ಯಕ್ಕೆ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ದೊರೆಯಿತು. ಆಕಾಶದಲ್ಲಿ ಅಸಾಧಾರಣ ಸಾಹಸ ತೋರಿದವರಿಗೆ ಕೊಡುವ ಪದಕ ಅದು. ಒಂದು ದೇಶ ಒಬ್ಬ ಮನುಷ್ಯನ ಬಣ್ಣ ನೋಡಿ ನೀನು ನಮ್ಮವನಲ್ಲ ಎನ್ನುತ್ತಿದ್ದ ಕಾಲದಲ್ಲಿ, ಆ ಮನುಷ್ಯ ಅದೇ ದೇಶದ ಒಂಬತ್ತು ಹತ್ತು ಹುಡುಗರ ಬೆನ್ನು ಕಾಯಲು ವಿಮಾನದ ಬಾಲದಲ್ಲಿ ಕುಳಿತ. ಕೊಡುಗೈ ಎಂದರೆ ಹಣ ಕೊಡುವುದು ಮಾತ್ರವಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಅದೇ ಯುದ್ಧದಲ್ಲಿ ಭಾರತದ ಸೈನ್ಯಕ್ಕೆ ಸುಮಾರು 25 ಲಕ್ಷ ಜನ ಸೇರಿದ್ದರು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1943ರಿಂದ ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. 1942ರ ಆಗಸ್ಟಿನಲ್ಲಿ 'ಬ್ರಿಟಿಷರೇ ತೊಲಗಿ' ಚಳವಳಿಯೂ ಭುಗಿಲೆದ್ದಿತ್ತು. ಜೈಲಿಗೆ ಹೋದವರೂ ಯುದ್ಧಕ್ಕೆ ಹೋದವರೂ ಒಂದೇ ಊರಿನವರಾಗಿದ್ದ ಕಾಲ ಅದು. ಸಾಬು ಅವರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು ಎಂಬ ವಾದ ಬೇಡ. ಅಲ್ಲಿಯವರೆಗೆ ಅವರ ಬದುಕಿನ ಎಲ್ಲವನ್ನೂ ಬೇರೆಯವರೇ ನಿರ್ಧರಿಸಿದ್ದರು. ಅರಮನೆ, ನಿರ್ದೇಶಕರು, ಸ್ಟುಡಿಯೋಗಳು ಹೇಳಿದಂತೆ ನಡೆದಿತ್ತು. ಯುದ್ಧಕ್ಕೆ ಹೋಗುವುದು ಅವರೇ ಮಾಡಿದ ಆಯ್ಕೆ.

ಯುದ್ಧದ ಆಚೆ

ಮರಳಿ ಬಂದ ಯೋಧನಿಗೆ ಹಾಲಿವುಡ್ ಕೊಟ್ಟದ್ದು ಮತ್ತೆ ಅದೇ ಪೇಟ. ಹಿಮಾಲಯದ ಹಿನ್ನೆಲೆಯ 'ಬ್ಲ್ಯಾಕ್ ನಾರ್ಸಿಸಸ್' (1947) ಒಂದು ಒಳ್ಳೆಯ ಚಿತ್ರ. ಆಮೇಲೆ ಬಂದವು ಅಷ್ಟಕ್ಕಷ್ಟೆ. 1948ರಲ್ಲಿ ನಟಿ ಮರಿಲಿನ್ ಕೂಪರ್ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬ ಮಗಳು. ಮಗ ಪಾಲ್ ಸಾಬು ಮುಂದೆ ರಾಕ್ ಸಂಗೀತಗಾರರಾದರು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಸಾಬು ಆನೆಗಳ ಜೊತೆ ಪ್ರದರ್ಶನ ನೀಡಿದರು. ಪದಕ ಪಡೆದ ಗನ್ನರ್ ಮತ್ತೆ ಆನೆಯ ಮೇಲೆ.

ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬು ಅವರನ್ನು. ಅದು ಕೈಗೂಡಲಿಲ್ಲ, ಪಾತ್ರ ಸುನೀಲ್ ದತ್ ಪಾಲಾಯಿತು. ಜಗತ್ತು ಸುತ್ತಿದ ಸಾಬು ಹುಟ್ಟಿದ ದೇಶದ ಒಂದು ಸಿನಿಮಾದ ನಾಯಕರಾಗಲಿಲ್ಲ.

ಅಣ್ಣ ದಸ್ತಗೀರ್ ಕೊನೆಯವರೆಗೂ ಜೊತೆಗಿದ್ದರು. ಅನಾಥ ತಮ್ಮನ ಕೈ ಹಿಡಿದು ಮೈಸೂರಿನಿಂದ ಹಡಗು ಹತ್ತಿದವರು ಅವರು. ತಮ್ಮನ ವ್ಯವಹಾರ ನೋಡಿಕೊಳ್ಳುತ್ತಿದ್ದರು. 1960ರಲ್ಲಿ ಕ್ಯಾಲಿಫೋರ್ನಿಯಾದ ಪೀಠೋಪಕರಣದ ಅಂಗಡಿಯಲ್ಲಿ ದರೋಡೆಗೆ ಬಂದವನ ಗುಂಡಿಗೆ ಬಲಿಯಾದರು. ಮೂರು ವರ್ಷ ಕಳೆದು, 1963ರ ಡಿಸೆಂಬರ್ 2ರಂದು, ಸಾಬು ಹೃದಯಾಘಾತದಿಂದ ತೀರಿಕೊಂಡರು. ಅವರಿಗಿನ್ನೂ 39 ವರ್ಷ. ಕೊನೆಯ ಚಿತ್ರ, ಡಿಸ್ನಿಯವರ 'ಎ ಟೈಗರ್ ವಾಕ್ಸ್', ಬಿಡುಗಡೆಯಾದಾಗ ಅವರಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿಯ ಕೆಲಸಕ್ಕೆಂದು ನಾನು ಲಾಸ್ ಏಂಜಲೀಸ್‌ನಲ್ಲಿ ಮೂರು ತಿಂಗಳಿದ್ದೆ. ಹಾಲಿವುಡ್ ಬೀದಿಯ ಕಾಲುದಾರಿಯಲ್ಲಿ ತಾರೆಯರ ಹೆಸರಿನ ನಕ್ಷತ್ರಗಳನ್ನು ಕೂರಿಸಿದ್ದಾರೆ. ಅವುಗಳಲ್ಲಿ ಒಂದರ ಮೇಲೆ ನಾಲ್ಕೇ ಅಕ್ಷರ: ಎಸ್, ಎ, ಬಿ, ಯು. ಇವರು ನಮ್ಮ ತಾಲ್ಲೂಕಿನವರು ಎಂದು ಜೊತೆಯಲ್ಲಿದ್ದ ಗೆಳೆಯನಿಗೆ ಹೇಳಿದೆ. ಅವನು ನಂಬಲಿಲ್ಲ. ಫೋನಿನಲ್ಲಿ ಹುಡುಕಿ, ಕಾರಾಪುರ ಎಂಬ ಹೆಸರು ತೋರಿಸಿದ ಮೇಲೆ ಒಪ್ಪಿದ.

ಕಾರಾಪುರಕ್ಕೆ ಬಂದ ಇನ್ನೊಬ್ಬ ಯೋಧ

ಕಾರಾಪುರದಿಂದ ಹೊರಟ ಯೋಧನ ಕತೆ ಹೇಳುವಾಗ, ಅದೇ ಯುದ್ಧ ಮುಗಿಸಿ ಬಹಳ ಕಾಲದ ಮೇಲೆ ಕಾರಾಪುರಕ್ಕೆ ಬಂದು ನೆಲೆಸಿದ ಇನ್ನೊಬ್ಬರನ್ನು ಮರೆಯಬಾರದು. ಅವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬಂದೂಕು ಹಿಡಿದು, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವರು. ಸ್ವಾತಂತ್ರ್ಯ ಬಂದಾಗ ಅವರಂಥ ಅನೇಕರು ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೊರಟರು. ಇವರು ಇಲ್ಲೇ ಉಳಿದರು. ಬೇಟೆಗಾರನಾಗಿದ್ದವರು ಮುಂದೆ ಕಾಡು ಉಳಿಸುವ ಕಡೆಗೆ ತಿರುಗಿದರು.

1980ರಲ್ಲಿ ಕರ್ನಾಟಕ ಸರ್ಕಾರ ಮತ್ತು ಟೈಗರ್ ಟಾಪ್ಸ್ ಸಂಸ್ಥೆ ಸೇರಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಕಂಪನಿ ಕಟ್ಟಿದವು. ಅದರ ಮೊದಲ ತಾಣವೇ ಕಾರಾಪುರದ ಹಳೆಯ ಬೇಟೆ ಬಂಗಲೆಯ ಜಾಗ. ವೇಕ್‌ಫೀಲ್ಡ್ ಅಲ್ಲಿಗೆ ಬಂದವರು ಮತ್ತೆ ಬೇರೆಲ್ಲೂ ಹೋಗಲಿಲ್ಲ. ವಯಸ್ಸು ತೊಂಬತ್ತು ದಾಟಿದ ಮೇಲೂ ಅಲ್ಲೇ ಇದ್ದರು. ಬಂದ ಅತಿಥಿ ಮಂತ್ರಿಯಾಗಲಿ, ಕಾಲೇಜು ಹುಡುಗನಾಗಲಿ, ಎಲ್ಲರ ಜೊತೆ ಕುಳಿತು ಕಾಡಿನ ಕತೆ ಹೇಳುತ್ತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದುದು 'ಪಾಪಾ' ಎಂದು. 2010ರ ಏಪ್ರಿಲ್ 26ರಂದು, 94ನೇ ವಯಸ್ಸಿನಲ್ಲಿ, ಕಬಿನಿಯ ದಡದಲ್ಲೇ ಕಣ್ಣು ಮುಚ್ಚಿದರು.

ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಬಂಗಲೆಯ ಕಡೆಯಿಂದ ಬಂದ ವೇಕ್‌ಫೀಲ್ಡ್ ಅವರಿಗೆ ಎಲ್ಲಿ ಬೇಕಾದರೂ ಬದುಕುವ ಸ್ವಾತಂತ್ರ್ಯವಿತ್ತು, ಅವರು ಕಾರಾಪುರವನ್ನು ಆರಿಸಿಕೊಂಡರು. ಆನೆಲಾಯದ ಕಡೆಯಿಂದ ಬಂದ ಸಾಬು ಅವರಿಗೆ ಸ್ವಾತಂತ್ರ್ಯ ಬೇಕೆಂದರೆ ಕಾರಾಪುರ ಬಿಡಲೇಬೇಕಿತ್ತು. ಒಂದೇ ಊರು ಒಬ್ಬರಿಗೆ ನೆಲೆ, ಇನ್ನೊಬ್ಬರಿಗೆ ಹೊಸಿಲು. ಕಬಿನಿಗೆ ಬರುವ ಪ್ರವಾಸಿಗರಿಗೆ ಪಾಪಾ ಗೊತ್ತು. ಸಾಬು ಗೊತ್ತಿಲ್ಲ.

ನಮ್ಮ ಶಾಲೆಯ ಲೆಕ್ಕದಲ್ಲಿ

ಕಬಿನಿ ಅಣೆಕಟ್ಟೆ ಪೂರ್ಣವಾಗಿದ್ದು 1974ರಲ್ಲಿ. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆ ನೀರಿನಲ್ಲಿ ಹಲವು ಊರುಗಳು ಮುಳುಗಿದವು. ಖೆಡ್ಡಾ ನಡೆಯುತ್ತಿದ್ದ ಕಾಡಿನ ಭಾಗವೂ ಮುಳುಗಿತು. ಮುಳುಗಡೆಯಾದವರ ಮಕ್ಕಳು, ಕಾಡಿನಿಂದ ಹೊರಗೆ ಬಂದ ಹಾಡಿಗಳ ಮಕ್ಕಳು, ಕ್ಯಾಂಪಿನ ಮಾವುತರ ಮಕ್ಕಳು ನಮ್ಮ ಬೆಂಚುಗಳಲ್ಲಿ ನಮ್ಮ ಜೊತೆ ಕುಳಿತು ಓದಿದ್ದಾರೆ. ಎಷ್ಟೋ ಜನ ಎಸ್‌ಎಸ್‌ಎಲ್‌ಸಿ ತನಕ ಬರದೆ ಮಧ್ಯದಲ್ಲೇ ಕಾಣೆಯಾದರು. ಆನೆಯ ಹಿಂದೆ, ಕೊಡಗಿನ ಕಾಫಿ ತೋಟದ ಕೆಲಸಕ್ಕೆ, ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಹೋದರು. ಅವರಲ್ಲಿ ಎಂಥ ಪ್ರತಿಭೆ ಇತ್ತೋ ನಮಗೆ ಗೊತ್ತಾಗಲೇ ಇಲ್ಲ.

ಸಾಬು ಅವರನ್ನು ಗುರುತಿಸಿದ್ದು ಒಂದು ಆಕಸ್ಮಿಕ. ಫ್ಲಾಹರ್ಟಿ ಬೇರೆ ಸಂಸ್ಥಾನಕ್ಕೆ ಹೋಗಿದ್ದರೆ, ಬೊರಡೈಲ್ ಅಂದು ಆನೆಲಾಯದ ಕಡೆ ಬರದಿದ್ದರೆ, ಆ ನಗು, ಆ ಧೈರ್ಯ, ಆ ಚುರುಕು ಎಲ್ಲವೂ ಲಾಯದೊಳಗೇ ಮುಗಿದುಹೋಗುತ್ತಿತ್ತು. ಮಗುವಿನ ಭವಿಷ್ಯ ಇಂಥ ಆಕಸ್ಮಿಕಕ್ಕೆ ಕಾಯಬಾರದು ಎಂದೇ ಹಳ್ಳಿಯಲ್ಲಿ ಸರ್ಕಾರಿ ಶಾಲೆ ಇರುವುದು. ನಮ್ಮನ್ನು ಯಾವ ಕ್ಯಾಮೆರಾವೂ ಹುಡುಕಿಕೊಂಡು ಬರಲಿಲ್ಲ. ಹಾಜರಿ ಕೂಗಿದ, ಹೋಂವರ್ಕ್ ನೋಡಿದ, ಮೂರು ದಿನ ಬರದಿದ್ದರೆ ಮನೆಗೇ ಬಂದು ವಿಚಾರಿಸಿದ ಗುರುಗಳು ನಮ್ಮನ್ನು ಕಂಡುಹಿಡಿದರು. ಐವತ್ತು ವರ್ಷಗಳಲ್ಲಿ ಈ ಶಾಲೆ ಮಾಡಿದ ದೊಡ್ಡ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಗುರುಗಳಲ್ಲಿ ಒಂದು ಚಿಕ್ಕ ಕೋರಿಕೆ. ನಮ್ಮ ಶಾಲೆಯ ಗೋಡೆಯಲ್ಲಿ ಮಹನೀಯರ ಚಿತ್ರಗಳಿವೆ. ಅವುಗಳ ಪಕ್ಕದಲ್ಲಿ ಸಾಬು ಅವರದೊಂದು ಚಿತ್ರವನ್ನೂ ಹಾಕೋಣ, ಖರ್ಚು ನಮ್ಮದು. ಆನೆಯ ಮೇಲಿನ ಚಿತ್ರ ಎಲ್ಲ ಕಡೆ ಸಿಗುತ್ತದೆ. ನಾವು ಹಾಕಬೇಕಾದದ್ದು ಸೈನಿಕನ ಸಮವಸ್ತ್ರದ ಚಿತ್ರ. ಅವರ ಹುಟ್ಟಿದ ದಿನ ಗಣರಾಜ್ಯೋತ್ಸವದ ಮರುದಿನವೇ ಬರುತ್ತದೆ. ಜನವರಿ 27ರ ಬೆಳಗಿನ ಪ್ರಾರ್ಥನೆಯಲ್ಲಿ ಐದು ನಿಮಿಷ ಈ ಕತೆ ಹೇಳಿದರೆ ಸಾಕು. ಅದನ್ನು ಹೇಳಲು ಮೊದಲ ವರ್ಷ ಬಳ್ಳೆ ಕ್ಯಾಂಪಿನ ಕಡೆಯಿಂದ ಬರುವ ಮಗುವನ್ನೇ ಕರೆದರೆ ಇನ್ನೂ ಸಂತೋಷ.